ಐಸಿಯು ಚಿಕಿತ್ಸೆ ಬದಲಿಸಿದ ಕ್ಲಿನಿಕಲ್ ಟ್ರಯಲ್‌ಗಳು

1. ಯಾದೃಚ್ಛಿಕ ನಿಯಂತ್ರಿತ ಪ್ರಯೋಗ: ರೋಗಿ ಯಾವ ಗುಂಪಿಗೆ ಎಂಬುದನ್ನು ವೈದ್ಯರಲ್ಲ, ಚೀಟಿ ಎತ್ತಿದಂತಹ ಆಕಸ್ಮಿಕ ಆಯ್ಕೆ ನಿರ್ಧರಿಸುತ್ತದೆ.

2. ಟಿಆರ್‌ಐಸಿಸಿ, 1999, ಕೆನಡಾ: ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 7 ಗ್ರಾಂಗಿಂತ ಇಳಿದಾಗ ಮಾತ್ರ ರಕ್ತ ಕೊಡುವುದು ಸಾಕು.

3. ಆರ್ಡ್ಸ್‌ನೆಟ್, 2000, ಅಮೆರಿಕ: ತೀವ್ರ ಉಸಿರಾಟ ತೊಂದರೆಯ (ಎಆರ್‌ಡಿಎಸ್) 861 ರೋಗಿಗಳು. ವೆಂಟಿಲೇಟರ್‌ನ ಪ್ರತಿ ಉಸಿರು ಕೆಜಿಗೆ 12 ಮಿ.ಲೀ. ಬದಲು 6 ಮಿ.ಲೀ.; ಸಾವು 39.8%ರಿಂದ 31%ಕ್ಕೆ ಇಳಿಕೆ.
ಗೊಂದಲ: ಇಲ್ಲಿ ‘ಕೆಜಿ’ ಎಂದರೆ ತಕ್ಕಡಿಯ ತೂಕವಲ್ಲ, ಎತ್ತರ, ಲಿಂಗ ಆಧರಿಸಿ ಲೆಕ್ಕ ಹಾಕಿದ ತೂಕ. ದಪ್ಪಗಾದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ!

4. ರಕ್ತದ ಸಕ್ಕರೆ (ಅತಿ ಮುಖ್ಯ):
- 2001, ಬೆಲ್ಜಿಯಂನ ಲೂವೆನ್: ಒಂದೇ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಐಸಿಯು. ಇನ್ಸುಲಿನ್‌ನಿಂದ ಬಿಗಿ ನಿಯಂತ್ರಣ, ಸಾವು ಕಡಿಮೆ.
- 2009, ನೈಸ್-ಶುಗರ್: ಹಲವು ದೇಶ, 6,104 ರೋಗಿಗಳು. ಫಲಿತಾಂಶ ತಿರುವುಮುರುವು: ಬಿಗಿ ಗುಂಪಿನಲ್ಲಿ 27.5%, ಸಾಮಾನ್ಯ ಗುಂಪಿನಲ್ಲಿ 24.9% ಸಾವು. ಸಕ್ಕರೆ ತೀರಾ ಕುಸಿದ ಪ್ರಕರಣಗಳೂ ಬಿಗಿ ಗುಂಪಿನಲ್ಲೇ ಹೆಚ್ಚು.
- ಪರೀಕ್ಷೆಯಲ್ಲಿ ವರ್ಷಗಳನ್ನು ಅದಲುಬದಲು ಮಾಡಿ ಕೇಳುವ ಸಾಧ್ಯತೆ ಇದೆ.

5. ರಿಕವರಿ, 2020, ಬ್ರಿಟನ್: ಕೋವಿಡ್‌ಗೆ ಡೆಕ್ಸಾಮೆಥಾಸೋನ್, ದಿನಕ್ಕೆ 6 ಮಿ.ಗ್ರಾಂ. ವೆಂಟಿಲೇಟರ್ ರೋಗಿಗಳ ಸಾವು ಸುಮಾರು ಮೂರನೇ ಒಂದರಷ್ಟು ಇಳಿಕೆ. ಆಮ್ಲಜನಕ ಬೇಡದವರಿಗೆ ಲಾಭವಿಲ್ಲ (ಬಹುತೇಕರು ಮರೆಯುವುದು ಇದನ್ನೇ).

6. ಭಾರತ: ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಸಿಟಿಆರ್‌ಐನಲ್ಲಿ, ಆರಂಭ 2007, ಕಡ್ಡಾಯ 2009. ಹೊಸ ಔಷಧ ಪ್ರಯೋಗಕ್ಕೆ ಅನುಮತಿ ಕೊಡುವವರು ಬೇರೆ: ಭಾರತೀಯ ಔಷಧ ಮಹಾನಿಯಂತ್ರಕರು.