121 ಸೋಲುಗಳು ಕಲಿಸುವ ಪಾಠ

2025ರ ಜೂನ್ 11, ಬುಧವಾರ. ರೋಮಿನ ಸಂತ ಪೇತ್ರರ ಚೌಕದಲ್ಲಿ ನವದಂಪತಿಗಳನ್ನು ಆಶೀರ್ವದಿಸುವ ಸಮಯದಲ್ಲಿ ಜಗದ್ಗುರು 14ನೇ ಲಿಯೋರವರು ಕಪ್ಪು ಬಣ್ಣದ ಆಟದ ಟೋಪಿಯೊಂದನ್ನು ಧರಿಸಿ ನೆರೆದವರನ್ನು ನಗಿಸಿದರು. ಅದು ಅವರ ಹುಟ್ಟೂರಾದ ಅಮೆರಿಕಾದ ಚಿಕಾಗೋ ನಗರದ 'ವೈಟ್ ಸಾಕ್ಸ್' ಎಂಬ ಬೇಸ್‌ಬಾಲ್ ತಂಡದ ಟೋಪಿ. ಜಗದ್ಗುರುಗಳು ಬಾಲ್ಯದಿಂದಲೂ ಈ ತಂಡದ ಅಭಿಮಾನಿ. 2005ರಲ್ಲಿ, ಅಗಸ್ಟೀನಿಯನ್ ಸಭೆಯ ಮಹಾಶ್ರೇಷ್ಠರಾಗಿದ್ದಾಗ, ತಂಡದ ಅಂತಿಮ ಸರಣಿಯ ಮೊದಲ ಪಂದ್ಯವನ್ನು ಜನರ ನಡುವೆ ಕುಳಿತು ನೋಡಿದ್ದರು. ಆ ವರ್ಷ ವೈಟ್ ಸಾಕ್ಸ್ 88 ವರ್ಷಗಳ ನಂತರ ಚಾಂಪಿಯನ್ ಆಯಿತು.

ಆದರೆ ಅವರು ಜಗದ್ಗುರುಗಳಾಗಿ ಆಯ್ಕೆಯಾಗುವ ಹಿಂದಿನ ವರ್ಷವೇ ಇದೇ ತಂಡ ಸೋಲಿನ ದಾಖಲೆಯನ್ನು ಬರೆದಿತ್ತು. ಆ ಸೋಲಿನ ಕಥೆ ನಮ್ಮ ಕುಟುಂಬಗಳಿಗೂ ವಿಶ್ವಾಸ ಜೀವನಕ್ಕೂ ಕೆಲವು ಪಾಠಗಳನ್ನು ಕಲಿಸುತ್ತದೆ.

ಏನಾಯಿತು?

ಅಮೆರಿಕಾದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಪ್ರತಿ ತಂಡವೂ ಸುಮಾರು ಆರು ತಿಂಗಳಲ್ಲಿ 162 ಪಂದ್ಯಗಳನ್ನು ಆಡಬೇಕು. ಹೆಚ್ಚುಕಡಿಮೆ ದಿನಕ್ಕೊಂದು ಪಂದ್ಯ. ಆದ್ದರಿಂದ ಸೋಲದ ತಂಡವೇ ಇಲ್ಲ. 2024ರಲ್ಲಿ ಚಾಂಪಿಯನ್ ಆದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವೂ 64 ಪಂದ್ಯಗಳನ್ನು ಸೋತಿತ್ತು. ಹತ್ತು ಬಾರಿ ಬ್ಯಾಟು ಹಿಡಿದು ಮೂರು ಬಾರಿ ಸರಿಯಾಗಿ ಹೊಡೆದವನನ್ನು ಆ ಆಟದಲ್ಲಿ ಉತ್ತಮ ಆಟಗಾರನೆಂದೇ ಕರೆಯುತ್ತಾರೆ.

ಆದರೆ 2024ರಲ್ಲಿ ವೈಟ್ ಸಾಕ್ಸ್‌ಗೆ ಬಂದದ್ದು ಸಾಮಾನ್ಯ ಸೋಲಲ್ಲ. ಮೊದಲ 25 ಪಂದ್ಯಗಳಲ್ಲಿ ಗೆದ್ದದ್ದು ಮೂರೇ. ಜುಲೈ 10ರಿಂದ ಆಗಸ್ಟ್ 5ರವರೆಗೆ ಸತತವಾಗಿ 21 ಪಂದ್ಯಗಳನ್ನು ಕಳೆದುಕೊಂಡಿತು. ಆಗಸ್ಟ್ 8ರಂದು ತಂಡದ ಮ್ಯಾನೇಜರನ್ನು ಕೆಲಸದಿಂದ ತೆಗೆದರು. ಸೆಪ್ಟೆಂಬರ್ 27ರಂದು ಡೆಟ್ರಾಯಿಟ್ ನಗರದಲ್ಲಿ 121ನೇ ಸೋಲು ಬಂತು. 1900ರ ನಂತರ ಒಂದೇ ವರ್ಷದಲ್ಲಿ ಇಷ್ಟು ಪಂದ್ಯಗಳನ್ನು ಯಾವ ತಂಡವೂ ಸೋತಿರಲಿಲ್ಲ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಸೋತ 120 ಪಂದ್ಯಗಳೇ ಅಲ್ಲಿಯವರೆಗಿನ ದಾಖಲೆ.

ಸೋಲು ಪಾಪವಲ್ಲ

ಇದೇ ತಂಡದ ಚರಿತ್ರೆಯಲ್ಲಿ ಇನ್ನೊಂದು ಸೋಲಿದೆ. 1919ರಲ್ಲಿ ವೈಟ್ ಸಾಕ್ಸ್ ಬಲಿಷ್ಠ ತಂಡವಾಗಿತ್ತು. ಆದರೂ ಅಂತಿಮ ಸರಣಿಯಲ್ಲಿ ಸಿನ್ಸಿನಾಟಿ ತಂಡಕ್ಕೆ ಸೋತಿತು. ಜೂಜುಕೋರರ ಹಣಕ್ಕಾಗಿ ಆಟಗಾರರೇ ಬೇಕೆಂದು ಸೋತ ಸಂಗತಿ ಮರುವರ್ಷ ಬೆಳಕಿಗೆ ಬಂತು. 1921ರಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿದರೂ ಬೇಸ್‌ಬಾಲ್ ಮುಖ್ಯಸ್ಥರು ಎಂಟು ಮಂದಿಯನ್ನು ಜೀವಮಾನವಿಡೀ ಆಟದಿಂದ ಹೊರಗಿಟ್ಟರು. ಅವರಲ್ಲಿ ಬಕ್ ವೀವರ್ ಎಂಬಾತ ಹಣ ಮುಟ್ಟಿದ್ದಕ್ಕೆ ಆಧಾರ ಸಿಗಲಿಲ್ಲ. ಆದರೆ ಸಂಚು ತಿಳಿದೂ ಬಾಯಿ ಬಿಡಲಿಲ್ಲವೆಂದು ಆತನನ್ನೂ ಹೊರಹಾಕಿದರು. ಎಂಟು ಮಂದಿಯೂ ತೀರಿಕೊಂಡು ದಶಕಗಳಾದ ಮೇಲೆ, 2025ರ ಮೇ ತಿಂಗಳಲ್ಲಿ, ಆ ನಿಷೇಧವನ್ನು ತೆಗೆಯಲಾಯಿತು.

ಈ ಎರಡು ಸೋಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2024ರ ತಂಡ 121 ಬಾರಿ ಸೋತು ಹಾಸ್ಯಕ್ಕೆ ಗುರಿಯಾಯಿತು. ಆದರೆ ಅದರಲ್ಲಿ ಪಾಪವೇನೂ ಇಲ್ಲ. 1919ರಲ್ಲಿ ಮಾರಾಟವಾದದ್ದು ಕೆಲವೇ ಪಂದ್ಯಗಳು, ಆದರೆ ಅದು ದ್ರೋಹ. ದೇವರ ದೃಷ್ಟಿಯಲ್ಲಿ ಸೋಲು ಬೇರೆ, ಪಾಪ ಬೇರೆ. ಒಂದು ಶಕ್ತಿಗೆ ಸಂಬಂಧಿಸಿದ್ದು, ಇನ್ನೊಂದು ಮನಸ್ಸಿಗೆ ಸಂಬಂಧಿಸಿದ್ದು.

ನಮ್ಮ ಮನೆಗಳಲ್ಲಿ ಇವೆರಡನ್ನೂ ನಾವು ಅದಲುಬದಲು ಮಾಡುವುದುಂಟು. ಪರೀಕ್ಷೆಯಲ್ಲಿ ಫೇಲಾದ ಮಗ ದೊಡ್ಡ ಅಪರಾಧ ಮಾಡಿದವನಂತೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ನಕಲು ಮಾಡಿ ಪಾಸಾದವನಿಗೆ ಸಿಹಿ ಹಂಚುತ್ತೇವೆ. ವ್ಯಾಪಾರದಲ್ಲಿ ನಷ್ಟಗೊಂಡ ತಂದೆಯನ್ನು ನೆಂಟರೇ ಕೈಲಾಗದವನೆಂದು ಹಂಗಿಸುತ್ತಾರೆ. ತೂಕದಲ್ಲಿ ಮೋಸ ಮಾಡಿ ಮನೆ ಕಟ್ಟಿಸಿದವನನ್ನು ಜಾಣನೆನ್ನುತ್ತೇವೆ. ಪಾಪನಿವೇದನೆಗೆ ಹೋಗುವ ಮುನ್ನ ಆತ್ಮಶೋಧನೆ ಮಾಡುವಾಗ ಈ ವ್ಯತ್ಯಾಸ ನಮ್ಮ ನೆನಪಿನಲ್ಲಿರಲಿ. ಬಕ್ ವೀವರನಂತೆ, ತಪ್ಪು ನಡೆಯುವುದನ್ನು ಕಂಡೂ ಸುಮ್ಮನಿದ್ದೆವೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳೋಣ.

ನಾಳೆಯೂ ಆಡಲೇಬೇಕು

ಈ ಆಟದ ಒಂದು ಕಠಿಣ ನಿಯಮವೆಂದರೆ, ಇಂದು ಸೋತವರು ನಾಳೆ ಮತ್ತೆ ಕಣಕ್ಕಿಳಿಯಬೇಕು. ಪ್ರಶಸ್ತಿಯ ಆಸೆ ಎಂದೋ ಮುಗಿದಿದ್ದರೂ ವೈಟ್ ಸಾಕ್ಸ್ ಆಟಗಾರರು 162 ಪಂದ್ಯಗಳನ್ನೂ ಆಡಿ ಮುಗಿಸಿದರು. ಅಷ್ಟೇ ಅಲ್ಲ, ಕೊನೆಯ ಆರು ಪಂದ್ಯಗಳಲ್ಲಿ ಐದನ್ನು ಗೆದ್ದರು! ಅವುಗಳಲ್ಲಿ ಎರಡು ಗೆಲುವುಗಳು ಬಂದದ್ದು 121ನೇ ಸೋಲಿನ ನಂತರ. ಅವುಗಳಿಂದ ಯಾವ ಪ್ರಶಸ್ತಿಯೂ ಸಿಗುವಂತಿರಲಿಲ್ಲ.

ಸಂತ ಲೂಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಸಿಮೋನ ಪೇತ್ರನ ಒಂದು ರಾತ್ರಿಯ ಚಿತ್ರವಿದೆ. ರಾತ್ರಿಯಿಡೀ ದುಡಿದರೂ ಮೀನು ಸಿಕ್ಕಿರಲಿಲ್ಲ. ಬಲೆಗಳನ್ನು ತೊಳೆಯುತ್ತಿದ್ದಾಗ ಪ್ರಭು ಯೇಸು ಅವನ ದೋಣಿಯನ್ನೇರಿ, ಮತ್ತೊಮ್ಮೆ ಬಲೆ ಬೀಸಲು ಹೇಳಿದರು. ಪ್ರಭು ತಮ್ಮ ಮೊದಲ ಶಿಷ್ಯನನ್ನು ಕರೆಯಲು ಆರಿಸಿಕೊಂಡದ್ದು ಅವನು ಬರಿಗೈಯಲ್ಲಿದ್ದ ಬೆಳಗನ್ನು. ಮುಂದೆ ಇದೇ ಪೇತ್ರ ಪ್ರಭುವನ್ನು ಮೂರು ಬಾರಿ ನಿರಾಕರಿಸಿದ. ಯೂದನೂ ಪ್ರಭುವಿಗೆ ದ್ರೋಹ ಮಾಡಿದ. ಇಬ್ಬರೂ ಪಶ್ಚಾತ್ತಾಪಪಟ್ಟರು. ಆದರೆ ಯೂದ ಎಲ್ಲವೂ ಮುಗಿಯಿತೆಂದು ಹತಾಶನಾದ, ಪೇತ್ರ ಅತ್ತು ಮತ್ತೆ ಪ್ರಭುವಿನ ಬಳಿಗೆ ಬಂದ. ಪಾಪದಿಂದಲೇ ಎದ್ದು ಬರಲು ಸಾಧ್ಯವಾದರೆ ಬರೀ ಸೋಲಿನಿಂದ ಎದ್ದು ಬರಲು ಏಕೆ ಸಾಧ್ಯವಿಲ್ಲ?

ಹಾಗೆಂದು ಸೋತವರಿಗೆಲ್ಲ ಬೇಗನೆ ಗೆಲುವು ಸಿಗುತ್ತದೆಂದು ಹೇಳುವಂತಿಲ್ಲ. 1962ರಲ್ಲಿ ಅಷ್ಟು ಸೋತ ಮೆಟ್ಸ್ ತಂಡ 1969ರಲ್ಲಿ ಚಾಂಪಿಯನ್ ಆಯಿತು, ನಿಜ. ಆದರೆ ವೈಟ್ ಸಾಕ್ಸ್ 2025ರಲ್ಲೂ 102 ಪಂದ್ಯಗಳನ್ನು ಸೋತಿತು. ಕ್ರೈಸ್ತರ ಭರವಸೆ ಮುಂದಿನ ಪಂದ್ಯದ ಫಲಿತಾಂಶದ ಮೇಲೆ ನಿಂತಿಲ್ಲ. ಸಂತ ಪೌಲರು ಜೀವನದ ಕೊನೆಯಲ್ಲಿ ತಿಮೊಥೇಯನಿಗೆ ಬರೆಯುವಾಗ ತಮ್ಮ ಗೆಲುವುಗಳನ್ನು ಎಣಿಸಲಿಲ್ಲ. ಓಟವನ್ನು ಮುಗಿಸಿದ್ದನ್ನೂ ವಿಶ್ವಾಸವನ್ನು ಉಳಿಸಿಕೊಂಡದ್ದನ್ನೂ ನೆನೆದರು.

ಸೋತವರ ಪಕ್ಕದಲ್ಲಿ

ಸೋತಾಗ ತಂಡ ಮ್ಯಾನೇಜರನ್ನು ಬದಲಿಸಬಹುದು, ಆಟಗಾರರನ್ನು ಮಾರಬಹುದು. ಕುಟುಂಬ ಹಾಗೆ ಮಾಡಲಾಗದು. ಮಗಳು ಕಡಿಮೆ ಅಂಕ ತೆಗೆದಳೆಂದು ಬೇರೊಬ್ಬ ಮಗಳನ್ನು ತರಲಾಗುವುದಿಲ್ಲ. ಗಂಡನ ಕೆಲಸ ಹೋಯಿತೆಂದು, ಹೆಂಡತಿ ಕಾಯಿಲೆ ಬಿದ್ದಳೆಂದು ವಿವಾಹದ ಒಪ್ಪಂದ ಮುರಿಯುವುದಿಲ್ಲ. ಸುಖದಲ್ಲೂ ದುಃಖದಲ್ಲೂ ಜೊತೆಗಿರುತ್ತೇವೆಂದು ಪೀಠದ ಮುಂದೆ ಮಾತು ಕೊಟ್ಟವರು ನಾವು. ಸೋಲಿನ ದಾಖಲೆ ಬರೆದ ತಂಡದ ಟೋಪಿಯನ್ನು ಜಗದ್ಗುರುಗಳು ಧರಿಸಿದ್ದು ನವದಂಪತಿಗಳ ನಡುವೆ ಎಂಬುದು ಎಷ್ಟು ಸೊಗಸಾದ ಸಂಗತಿ!

ಕಲ್ವಾರಿ ಬೆಟ್ಟದಲ್ಲಿ ಲೋಕದ ಕಣ್ಣಿಗೆ ಕಂಡದ್ದು ಸಂಪೂರ್ಣ ಸೋಲು. ಜನರ ಗುಂಪು ಗೇಲಿ ಮಾಡಿತು, ಶಿಷ್ಯರು ಚದುರಿದರು. ಶಿಲುಬೆಯ ಬಳಿ ನಿಂತವರು ಮಾತೆ ಮರಿಯಮ್ಮ, ಕೆಲವು ಸ್ತ್ರೀಯರು ಮತ್ತು ಪ್ರೀತಿಯ ಶಿಷ್ಯ ಮಾತ್ರ. ಅವರ ಕೈಯಿಂದ ಏನನ್ನೂ ಸರಿಪಡಿಸಲಾಗಲಿಲ್ಲ. ಆದರೂ ನಿಂತರು.

ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಗೆ ಬರಲು ಹೆದರುವ ಮಕ್ಕಳಿದ್ದಾರೆ. ಆ ಹೆದರಿಕೆಯಲ್ಲಿ ಪ್ರಾಣವನ್ನೇ ಕಳೆದುಕೊಂಡವರೂ ಇದ್ದಾರೆ. ಆದ್ದರಿಂದ ಫಲಿತಾಂಶ ಬರುವ ಮೊದಲೇ ಮಗುವನ್ನು ಹತ್ತಿರ ಕೂರಿಸಿಕೊಂಡು, "ಏನೇ ಆಗಲಿ, ನೇರ ಮನೆಗೆ ಬಾ ಕಂದ, ನಾವಿದ್ದೇವೆ" ಎಂದು ಹೇಳಿ. ಈ ಒಂದು ಮಾತಿಗೆ ಒಂದು ಜೀವವನ್ನು ಉಳಿಸುವ ಶಕ್ತಿಯಿದೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಯಾರಾದರೂ ಸೋತಾಗ ನಾವು ಮೊದಲು ಆಡುವ ಮಾತು ಯಾವುದು?

2. ಪ್ರಾಮಾಣಿಕವಾಗಿ ಸೋಲುವುದು, ಮೋಸದಿಂದ ಗೆಲ್ಲುವುದು – ಮಕ್ಕಳು ನಮ್ಮಿಂದ ಯಾವುದನ್ನು ಮೆಚ್ಚಲು ಕಲಿಯುತ್ತಿದ್ದಾರೆ?

3. ನಮ್ಮ ಧರ್ಮಕೇಂದ್ರದಲ್ಲಿ ಸೋತು ಒಂಟಿಯಾಗಿರುವ ಕುಟುಂಬ ಯಾವುದು? ಈ ವಾರ ಅವರ ಮನೆಗೆ ಹೋಗಿ ಬರಬಹುದೇ?

ಪ್ರಾರ್ಥನೆ

ಪ್ರಭು ಯೇಸುವೇ, ಬರಿದಾದ ದೋಣಿಯನ್ನೇರಿ ಬಂದವರು ನೀವು. ನಮ್ಮ ಸೋಲುಗಳಲ್ಲಿ ನಮ್ಮ ಬಳಿಗೆ ಬನ್ನಿ. ಸೋತವರನ್ನು ಹಂಗಿಸದ ನಾಲಿಗೆಯನ್ನೂ ಅವರ ಪಕ್ಕದಲ್ಲಿ ನಿಲ್ಲುವ ಮನಸ್ಸನ್ನೂ ನಮಗೆ ದಯಪಾಲಿಸಿ. ಆಮೆನ್.