ಬಿಲ್ಲಿಗೆ ನಿಂತವನು, ಬೇಟೆಗೆ ಸಿಕ್ಕವನು

ಕಷ್ಟ ಬಂದ ಮನೆಗೆ ಹೋದಾಗ ಕ್ರೈಸ್ತರು ಹೇಳುವ ಮೊದಲ ಮಾತು ತಾಳ್ಮೆ. ಪ್ರಸಂಗದಲ್ಲಿ, ಸಾವಿನ ಮನೆಯಲ್ಲಿ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಅದು ಎಷ್ಟು ಸಲ ಕೇಳಿಬರುತ್ತದೆಂದರೆ, ಹೊಸದಾಗಿ ಬೈಬಲ್ ಓದಲು ಕೂತವರಿಗೆ ‘ಹಾಗೆಂದರೆ ಏನು?’ ಎಂದು ಕೇಳುವುದಕ್ಕೇ ಸಂಕೋಚ. ಬೇಗಾರ್, ಶೃಂಗೇರಿ, ಕೊಪ್ಪದ ಕಡೆಯವರಿಗೆ ನಾನು ಇದನ್ನು ಬೇಟೆಯ ಕಡೆಯಿಂದ ವಿವರಿಸುತ್ತೇನೆ. ಇಲ್ಲಿನ ಹಿರಿಯರಿಗೆ ಬೇಟೆ ಗೊತ್ತು. ಬೈಬಲ್ಲಿನಲ್ಲೂ ಬೇಟೆ ಇದೆ.

ಮೊದಲೇ ಹೇಳಿಬಿಡುತ್ತೇನೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ, ಅದು ಹಾಗೇ ಇರಬೇಕು. ನಮಗೆ ಬೇಕಾದದ್ದು ಹಳಬರ ನೆನಪಿನಲ್ಲಿ ಉಳಿದಿರುವ ತಿಳುವಳಿಕೆ ಮಾತ್ರ.

ಮಲೆನಾಡಿನ ಹಳೆಯ ಬೇಟೆಯಲ್ಲಿ ಎರಡು ಪಂಗಡ. ಒಂದು ಪಂಗಡ ನಾಯಿಗಳೊಂದಿಗೆ ಕೂಗು ಹಾಕುತ್ತಾ ಹಳು ನುಗ್ಗುತ್ತದೆ. ಇನ್ನೊಂದು ಪಂಗಡ ಕೋವಿ ಹಿಡಿದು, ಮಿಕ ದಾಟುವ ಕಂಡಿಗಳಲ್ಲಿ ಬಿಲ್ಲಿಗೆ ನಿಲ್ಲುತ್ತದೆ. ಓಡಾಟ, ಗದ್ದಲ, ಹುರುಪು ಎಲ್ಲ ಹಳುವಿನವರ ಪಾಲು. ಬಿಲ್ಲಿಗೆ ನಿಂತವನಿಗೆ ಒಂದೇ ಕೆಲಸ: ನಿಂತ ಜಾಗ ಬಿಡಬಾರದು. ಉಂಬಳ ಹತ್ತಿದರೂ, ಮಳೆ ಹೊಡೆದರೂ, ಪಕ್ಕದ ಬಿಲ್ಲಿನಲ್ಲಿ ಈಡು ಕೇಳಿದರೂ ಅವನು ಕದಲುವಂತಿಲ್ಲ. ಕದಲಿದರೆ ಹಂದಿ ತಪ್ಪಿಸಿಕೊಳ್ಳುವುದು ಸಣ್ಣ ಮಾತು, ಜೊತೆಗಾರನ ಗುಂಡಿಗೆ ಅವನೋ ಅವನ ಗುಂಡಿಗೆ ಜೊತೆಗಾರನೋ ಸಿಕ್ಕಿಬಿಡಬಹುದು. ಅವನ ತಾಳ್ಮೆಯಲ್ಲಿ ಬೇರೆಯವರ ಜೀವವೂ ಇದೆ ಎಂಬುದನ್ನು ಹೊಸಬರು ಗಮನಿಸಬೇಕು. ಸಂತ ಪೌಲನು ಸಭೆಗಳಿಗೆ ಬರೆದ ಪತ್ರಗಳಲ್ಲಿ ಸ್ಥಿರವಾಗಿ ನಿಲ್ಲಿರಿ ಎಂದು ಹೇಳುವುದು ಬಹುವಚನದಲ್ಲಿ, ಒಂದು ಸಭೆಗೆ.

ಕಾಯುವ ಬೇಟೆಗಾರ ನಮ್ಮ ಸೀಮೆಯ ಭಕ್ತಿಗೆ ಹೊಸಬನಲ್ಲ. ಶಿವರಾತ್ರಿಯ ಕಥೆಯ ಬೇಡ ರಾತ್ರಿಯಿಡೀ ಬಿಲ್ವದ ಮರದ ಮೇಲೆ ಎಚ್ಚರವಾಗಿ ಕೂತವನೇ. ಆದರೆ ಬೈಬಲ್ ತನ್ನ ಪ್ರಸಿದ್ಧ ಬೇಟೆಗಾರನ ಕಥೆಯನ್ನು ಬೇರೆ ದಿಕ್ಕಿಗೆ ಒಯ್ಯುತ್ತದೆ.

ಅವನು ಏಸಾವ, ಇಸಾಕನ ಹಿರಿಯ ಮಗ, ಕಾಡಿನಲ್ಲಿ ಪಳಗಿದವನು. ಆದಿಕಾಂಡದ 25ನೆಯ ಅಧ್ಯಾಯದ ಕೊನೆಯಲ್ಲಿ ಅವನು ದಣಿದು ಹಸಿದು ಮನೆಗೆ ಬರುತ್ತಾನೆ. ತಮ್ಮ ಯಾಕೋಬನ ಒಲೆಯ ಮೇಲೆ ಕೆಂಪು ಬೇಳೆ ಬೇಯುತ್ತಿದೆ. ಅದನ್ನು ಕೊಡು ಎನ್ನುತ್ತಾನೆ ಅಣ್ಣ. ಚೊಚ್ಚಲತನದ ಹಕ್ಕು ಮಾರು ಎನ್ನುತ್ತಾನೆ ತಮ್ಮ. ಸಾಯುವ ಹಾಗಾಗಿದೆ, ಹಕ್ಕು ಕಟ್ಟಿಕೊಂಡು ಏನು ಮಾಡಲಿ ಎಂಬುದು ಏಸಾವನ ಯೋಚನೆ. ಆಣೆ ಇಡುತ್ತಾನೆ, ಉಣ್ಣುತ್ತಾನೆ, ಎದ್ದು ಹೋಗುತ್ತಾನೆ.

ಈ ಕಥೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಏಸಾವನಿಗೆ ತಾಳ್ಮೆ ಇರಲಿಲ್ಲ ಎನ್ನುವಂತಿಲ್ಲ. ತಾಳ್ಮೆಯಿಲ್ಲದವನು ನುರಿತ ಬೇಟೆಗಾರ ಆಗಲಾರ. ಕಾಡಿನಲ್ಲಿ ಜಾಗ ಬಿಡದೆ ಕಾದವನು ಅಡುಗೆ ಮನೆಯ ಬಾಗಿಲಲ್ಲಿ ಸೋತ. ಬಹಳ ಜನ ದೊಡ್ಡ ಕಷ್ಟದಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ. ಗಂಡ ಹಾಸಿಗೆ ಹಿಡಿದ ವರ್ಷವೆಲ್ಲ ಎದೆಗುಂದದ ಹೆಂಗಸು, ಎಲ್ಲ ಮುಗಿದ ಮೇಲಿನ ಒಂದು ಸಾಮಾನ್ಯ ಸಂಜೆ ಪ್ರಾರ್ಥನೆ ಬಿಟ್ಟುಬಿಡುತ್ತಾಳೆ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ ಸ್ಥಿರಚಿತ್ತದಿಂದ ಓಡಿರಿ ಎಂದು ಆರಂಭವಾಗಿ, ಅದೇ ಅಧ್ಯಾಯದಲ್ಲಿ ಏಸಾವನ ಒಂದು ಹೊತ್ತಿನ ಊಟವನ್ನು ಎಚ್ಚರಿಕೆಯಾಗಿ ಮುಂದಿಡುತ್ತದೆ. ತಾಳ್ಮೆಯ ಪಾಠಕ್ಕೆ ಬೇಟೆಗಾರನೊಬ್ಬ ಬಂದಿರುವುದು ಸೋತವನಾಗಿ.

ಹಾಗಾದರೆ ಗೆದ್ದವರು ಎಲ್ಲಿದ್ದಾರೆ? ಹೆಚ್ಚಿನ ಸಲ ಮಿಕದ ಜಾಗದಲ್ಲಿ. ರಾಜ ಸೌಲನಿಂದ ತಪ್ಪಿಸಿಕೊಂಡು ಅಲೆಯುವ ದಾವೀದ ತನ್ನನ್ನು ಬೆಟ್ಟದಲ್ಲಿ ಬೆನ್ನಟ್ಟಿಸಿಕೊಂಡ ಕೌಜುಗಕ್ಕೆ ಹೋಲಿಸಿಕೊಳ್ಳುತ್ತಾನೆ. 124ನೆಯ ಕೀರ್ತನೆ ಹಾಡುವವರು ಬಲೆ ಹರಿದು ಹಾರಿಹೋದ ಹಕ್ಕಿಗಳು. ಎಲ್ಲಕ್ಕಿಂತ ಧೈರ್ಯದ ಮಾತು ಯೋಬನದು. ಮಕ್ಕಳು, ದನಕರು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಅವನು, ದೇವರೇ ಸಿಂಹದಂತೆ ತನ್ನನ್ನು ಬೇಟೆಯಾಡುತ್ತಿದ್ದಾನೆ ಎಂದು ದೇವರ ಮುಖಕ್ಕೇ ಹೇಳುತ್ತಾನೆ. ಹೊಸ ಒಡಂಬಡಿಕೆ ತಾಳ್ಮೆಗೆ ಹೆಸರಿಸಿ ತೋರಿಸುವುದೂ ಇವನನ್ನೇ, ಯಾಕೋಬನ ಪತ್ರಿಕೆಯಲ್ಲಿ (ಈ ಯಾಕೋಬ ಏಸಾವನ ತಮ್ಮನಲ್ಲ).

ಇಲ್ಲಿ ಕನ್ನಡದ ಓದುಗರಿಗೆ ಒಂದು ತೊಡಕು ಬರುವುದು ಸಹಜ. ನಮ್ಮಲ್ಲಿ ಸಹನೆಯ ದೊಡ್ಡ ಚಿತ್ರಗಳು ಮೌನದವು. ಜೈನ ಕಥೆಗಳ ವಡ್ಡಾರಾಧನೆಯಲ್ಲಿ ಬರುವ ಮುನಿ ಸುಕುಮಾರಸ್ವಾಮಿಯನ್ನು ನರಿ ತನ್ನ ಮರಿಗಳೊಂದಿಗೆ ತಿನ್ನುತ್ತಿದ್ದರೂ ಅವರು ಧ್ಯಾನದಿಂದ ಕದಲುವುದಿಲ್ಲ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯ ನೆರೆಯಲ್ಲಿ ಬೆಳೆದವರಿಗೆ ಆ ಚಿತ್ರದ ಎತ್ತರ ಗೊತ್ತು, ನನಗೂ ಅದರ ಮೇಲೆ ಗೌರವವಿದೆ. ಆದರೆ ಯೋಬನನ್ನು ಅದೇ ಅಳತೆಗೋಲಿನಿಂದ ಅಳೆದರೆ ಅವನು ಅರ್ಥವಾಗುವುದಿಲ್ಲ. ಅವನು ಅರಚುತ್ತಾನೆ, ವಾದಿಸುತ್ತಾನೆ, ಹುಟ್ಟಿದ ದಿನವನ್ನು ಶಪಿಸುತ್ತಾನೆ. ಒಂದನ್ನು ಮಾತ್ರ ಮಾಡುವುದಿಲ್ಲ: ದೇವರೊಡನೆ ಮಾತು ಬಿಡುವುದಿಲ್ಲ. ಕಣ್ಣೀರು ಹಾಕಿದ್ದಕ್ಕೆ ವಿಶ್ವಾಸ ಕಡಿಮೆಯಾಯಿತೆಂದು ನಾಚುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಆಸೆ.

ಬೆನ್ನಟ್ಟಿಸಿಕೊಂಡವರ ಕಥೆ ನಮ್ಮ ಘಟ್ಟದಲ್ಲೂ ನಡೆದಿದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕೊಂಕಣಿ ಕ್ಯಾಥೊಲಿಕರನ್ನು ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಬದುಕುಳಿದವರು ಊರಿಗೆ ಇಳಿದು ಬಂದು, ಕೆಡವಿದ್ದ ಚರ್ಚುಗಳನ್ನು ಮತ್ತೆ ಕಟ್ಟಿದರು. ಆ ಸಮುದಾಯದ ಮುಂದಿನ ತಲೆಮಾರುಗಳಲ್ಲಿ ಹಲವರು ಕಾಫಿ ತೋಟಗಳ ಕೆಲಸಕ್ಕೆ ತಾವಾಗಿಯೇ ಘಟ್ಟ ಹತ್ತಿ, ಮಲೇರಿಯಾದ ಕಾಲದಲ್ಲೂ ಇಲ್ಲೇ ನಿಂತರು. ಘಟ್ಟದ ಮೇಲಿನ ಈ ಸಭೆಗೆ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆದದ್ದು 1963ರಲ್ಲಿ. 

ಬೇಟೆಗಾರನೇ ಮಿಕವಾದ ಕಥೆಯೂ ಒಂದಿದೆ. ಅದು ಸಂತ ಯೂಸ್ತಾಸನದು, ಇತಿಹಾಸವಲ್ಲ, ಐತಿಹ್ಯ. ಕ್ಯಾಥೊಲಿಕ್ ಸಭೆ 1969ರ ಪರಿಷ್ಕರಣೆಯಲ್ಲಿ ಅವನ ಹಬ್ಬವನ್ನು ಸಾಮಾನ್ಯ ಪಂಚಾಂಗದಿಂದ ಕೈಬಿಟ್ಟಿತು. ಆದರೂ ಕಥೆ ಅಮೂಲ್ಯವಾದದ್ದು. ಟ್ರಾಜನ್ ಚಕ್ರವರ್ತಿಯ ಸೇನಾಪತಿ ಪ್ಲಾಸಿದಸ್ ಬೇಟೆಯಲ್ಲಿ ಒಂದು ಗಂಡು ಜಿಂಕೆಯ ಬೆನ್ನು ಹತ್ತುತ್ತಾನೆ. ಜಿಂಕೆ ತಿರುಗಿ ನಿಂತಾಗ ಅದರ ಕೊಂಬುಗಳ ನಡುವೆ ಶಿಲುಬೆ ಕಾಣುತ್ತದೆ. ಜರ್ಮನಿಯ ಕಲಾವಿದ ಡ್ಯೂರರ್ 1501ರ ಸುಮಾರಿಗೆ ಈ ಗಳಿಗೆಯನ್ನು ತಾಮ್ರದ ತಗಡಿನ ಮೇಲೆ ಕೊರೆದಿದ್ದಾನೆ. ಮಂಡಿಯೂರಿದ ಬೇಟೆಗಾರನ ಮುಂದೆ ಐದು ನಾಯಿಗಳು. ದೀಕ್ಷಾಸ್ನಾನ ಪಡೆದು ಯೂಸ್ತಾಸನಾದ ಅವನಿಗೆ ಸುಖ ಬರಲಿಲ್ಲ. ಆಳುಗಳು, ದನಗಳು ರೋಗಕ್ಕೆ ಸತ್ತರು, ಮನೆ ಲೂಟಿಯಾಯಿತು, ಊರು ಬಿಟ್ಟು ಹತ್ತಿದ ಹಡಗಿನ ಯಜಮಾನ ಹೆಂಡತಿಯನ್ನು ಕಸಿದುಕೊಂಡ, ಹೊಳೆ ದಾಟುವಾಗ ಮಕ್ಕಳನ್ನು ಕಾಡುಮೃಗಗಳು ಹೊತ್ತೊಯ್ದವು. ಆಮೇಲೆ ಈ ಸೇನಾಪತಿ ವರ್ಷಗಟ್ಟಲೆ ಮಾಡಿದ್ದು ಊರವರ ಹೊಲ ಕಾಯುವ ಕೂಲಿ. ಗದ್ದೆ ಬದಿಯ ಮಾಳದಲ್ಲಿ ಹಂದಿ ಓಡಿಸುತ್ತಾ ರಾತ್ರಿ ಕಳೆದವರಿಗೆ ಆ ಕೆಲಸದ ಉದ್ದ ಗೊತ್ತು. ಕೊನೆಗೆ ಹೆಂಡತಿ ಮಕ್ಕಳು ಸಿಗುತ್ತಾರೆ. ಹೇಡ್ರಿಯನ್ನನ ಆಳ್ವಿಕೆಯಲ್ಲಿ, ರೋಮಿನ ದೇವರುಗಳಿಗೆ ಬಲಿ ಕೊಡಲು ಒಪ್ಪದೆ ಎಲ್ಲರೂ ಒಟ್ಟಿಗೆ ಸಾಯುತ್ತಾರೆ.

ಓದು ಆರಂಭಿಸುವವರು ಆದಿಕಾಂಡದ 25ನ್ನೂ ಇಬ್ರಿಯರಿಗೆ ಬರೆದ ಪತ್ರಿಕೆಯ 12ನ್ನೂ ಒಂದೇ ಸಲಕ್ಕೆ ಕೂತು ಓದಿ. ಯೋಬನ ಗ್ರಂಥಕ್ಕೆ ಅವಸರ ಬೇಡ. ಸಿಂಹದ ಮಾತಿರುವ 10ನೆಯ ಅಧ್ಯಾಯ ತಲುಪುವ ತನಕ ದಿನಕ್ಕೊಂದು ಅಧ್ಯಾಯ ಸಾಕು, ಆಗುವುದಾದರೆ ಗಟ್ಟಿಯಾಗಿ, ಮನೆಯವರೊಬ್ಬರಿಗೆ ಕೇಳುವ ಹಾಗೆ.