ಪ್ರೆಸ್ ನೋಟ್ ಬಂದ ದಾರಿ

ಮೈಸೂರು

ಚಿ. ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ನಿನ್ನ ಪತ್ರಿಕೋದ್ಯಮ ತರಗತಿಗೆ ಬರೆದ ಲೇಖನ ಓದಿದೆ. ಬರವಣಿಗೆ ಚುರುಕಾಗಿದೆ, ಕಣೇ. ಆದರೆ ಒಂದು ಕಡೆ ಕೆಂಪು ಗೆರೆ ಎಳೆದಿದ್ದೇನೆ. ನ್ಯೂಯಾರ್ಕಿನ ಪಾರ್ಕ್51 ಇಸ್ಲಾಮಿ ಕೇಂದ್ರದ ವಿರುದ್ಧ 2010ರಲ್ಲಿ ಜನರ ಸಿಟ್ಟು ತಾನಾಗಿಯೇ ಉಕ್ಕಿತು ಅಂತ ಬರೆದಿದ್ದೀಯಲ್ಲ, ಅಲ್ಲಿ.

ತಾರೀಖು ನೋಡು. ಆ ಯೋಜನೆಯ ಸುದ್ದಿ ನ್ಯೂಯಾರ್ಕ್ ಟೈಮ್ಸ್ ಮುಖಪುಟಕ್ಕೆ ಬಂದದ್ದು 2009ರ ಡಿಸೆಂಬರಿನಲ್ಲಿ. ಯಾರೂ ಬೀದಿಗಿಳಿಯಲಿಲ್ಲ. ಅದೇ ತಿಂಗಳು ಫಾಕ್ಸ್ ವಾಹಿನಿಯಲ್ಲಿ ಲಾರಾ ಇಂಗ್ರಾಮ್, ಯೋಜನೆಯ ಡೇಸಿ ಖಾನ್ ಅವರನ್ನು ಮಾತಾಡಿಸಿ ಮೆಚ್ಚುಗೆಯನ್ನೇ ಸೂಚಿಸಿದ್ದರು. ಗಲಾಟೆ ಹತ್ತಿಕೊಂಡದ್ದು ಮುಂದಿನ ಮೇ ತಿಂಗಳಲ್ಲಿ, ಪಮೇಲಾ ಗೆಲ್ಲರ್ ಮತ್ತು ಅವರ 'ಸ್ಟಾಪ್ ಇಸ್ಲಾಮೈಸೇಶನ್ ಆಫ್ ಅಮೆರಿಕ' ಸಂಘಟನೆ ಅದನ್ನು ಕೈಗೆತ್ತಿಕೊಂಡ ಮೇಲೆ. ಈಜುಕೊಳ, ಸಭಾಂಗಣ, ಪ್ರಾರ್ಥನೆಯ ಜಾಗ ಎಲ್ಲ ಸೇರಿಸಿ ಯೋಜಿಸಿದ್ದ ಕಟ್ಟಡವದು, ಸೆಪ್ಟೆಂಬರ್ 11ರ ದಾಳಿ ನಡೆದ ಗ್ರೌಂಡ್ ಜೀರೋದಿಂದ ಎರಡು ಬೀದಿ ಆಚೆ. ಆದರೂ 'ಗ್ರೌಂಡ್ ಜೀರೋ ಮಸೀದಿ' ಎಂದೇ ದೇಶವೆಲ್ಲ ಕರೆಯಿತು. ಅದೇ ಮೇ ತಿಂಗಳಲ್ಲಿ ಸ್ಥಳೀಯ ಸಮುದಾಯ ಮಂಡಳಿ 29–1 ಮತಗಳಿಂದ ಯೋಜನೆಯನ್ನು ಬೆಂಬಲಿಸಿತ್ತು ಎಂಬುದು ಎಷ್ಟು ಜನರ ಕಿವಿಗೆ ಬಿತ್ತೋ! ಸೆಪ್ಟೆಂಬರ್ 11ರ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರ ಸಂಕಟವನ್ನು ನಾನು ತಳ್ಳಿಹಾಕುತ್ತಿಲ್ಲ. ಅವರಲ್ಲೂ ವಿರೋಧಿಸಿದವರಿದ್ದರು, ಪರ ನಿಂತವರೂ ಇದ್ದರು. ಟಿವಿಯಲ್ಲಿ ಯಾರ ಮುಖ ಹೆಚ್ಚು ಕಂಡಿತು ಎಂಬುದು ಬೇರೆ ಲೆಕ್ಕ.

ಆ ಲೆಕ್ಕವನ್ನು ಒಬ್ಬರು ನಿಜಕ್ಕೂ ಹಾಕಿದ್ದಾರೆ. ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ಬೇಲ್, ಮುಸ್ಲಿಮರ ಬಗ್ಗೆ 120 ಸಂಘಟನೆಗಳು ಹೊರಡಿಸಿದ 1,084 ಪತ್ರಿಕಾ ಪ್ರಕಟಣೆಗಳನ್ನು ಒಟ್ಟುಮಾಡಿದರು. 2001ರಿಂದ 2008ರವರೆಗಿನ ಐವತ್ತು ಸಾವಿರಕ್ಕೂ ಮಿಕ್ಕಿದ ಪತ್ರಿಕಾ ಬರಹ, ಟಿವಿ ಮಾತುಗಳ ಜೊತೆ ಅವನ್ನು ತಾಳೆ ನೋಡಿದರು. ಅದಕ್ಕೆ ಬಳಸಿದ್ದು ನಿಮ್ಮ ಮೇಷ್ಟರುಗಳು ಕೃತಿಚೌರ್ಯ ಹಿಡಿಯಲು ಬಳಸುವಂಥದೇ ತಂತ್ರಾಂಶ! ಹೆಚ್ಚಿನ ಸಂಘಟನೆಗಳು ಮುಸ್ಲಿಮರ ಪರವಾಗಿಯೇ ಮಾತಾಡಿದ್ದವು. ಆದರೆ ಸುದ್ದಿಯಲ್ಲಿ ಮೆರೆದದ್ದು ಭಯ, ಸಿಟ್ಟು ತುಂಬಿದ, ಅಂಚಿನಲ್ಲಿದ್ದ ಕೆಲವೇ ಗುಂಪುಗಳ ಮಾತು. ಮುಸ್ಲಿಂ ಸಂಸ್ಥೆಗಳು ಭಯೋತ್ಪಾದನೆಯನ್ನು ಖಂಡಿಸಿ ಕಳಿಸಿದ್ದಕ್ಕೆ ಅಷ್ಟಾಗಿ ಜಾಗ ಸಿಗಲಿಲ್ಲ.

ನನಗೇನೂ ಆಶ್ಚರ್ಯವಾಗಲಿಲ್ಲ. ಆಯಸ್ಸೆಲ್ಲ ಡೆಸ್ಕಿನಲ್ಲೇ ಕಳೆದವನು ನಾನು. ರಾತ್ರಿ ಪುಟ ಕಟ್ಟುವ ಹೊತ್ತಿಗೆ ಎರಡು ಪ್ರೆಸ್ ನೋಟ್ ಬಂದರೆ, ಒಂದರಲ್ಲಿ 'ಖಂಡಿಸುತ್ತೇವೆ' ಎಂದಿದ್ದರೆ, ಇನ್ನೊಂದರಲ್ಲಿ 'ಅಪಾಯ ಬಾಗಿಲಿಗೆ ಬಂದಿದೆ' ಎಂದಿದ್ದರೆ, ಯಾವುದಕ್ಕೆ ದಪ್ಪ ತಲೆಬರಹ ಬೀಳುತ್ತದೆ ಹೇಳು? ಇದಕ್ಕೆ ದ್ವೇಷವೇ ಬೇಕಿಲ್ಲ, ಆತುರವೇ ಸಾಕು. ಇದು ಗೊತ್ತಿದ್ದೇ ಅಂಥ ನೋಟ್ ಬರೆಯುವವರಿರುತ್ತಾರೆ.

ಇದೇ ಬಗೆಯ, ಅಮೆರಿಕದ ಒಕ್ಲಹೋಮಾ ರಾಜ್ಯದ ಪ್ರಕರಣವನ್ನು ನೀನು ಬಿಟ್ಟೇಬಿಟ್ಟಿದ್ದೀಯ. 2010ರ ನವೆಂಬರಿನಲ್ಲಿ, ನ್ಯಾಯಾಲಯಗಳು ಶರಿಯತ್ ಪರಿಗಣಿಸಕೂಡದೆಂಬ ರಾಜ್ಯ ಸಂವಿಧಾನದ ತಿದ್ದುಪಡಿಗೆ ಅಲ್ಲಿ ಶೇ 70ರಷ್ಟು ಮತ ಬಿತ್ತು. 'ಆ್ಯಕ್ಟ್ ಫಾರ್ ಅಮೆರಿಕ' ಎಂಬ ಸಂಘಟನೆ ರೇಡಿಯೊದಲ್ಲಿ, ಫೋನ್ ಕರೆಗಳಲ್ಲಿ ಪ್ರಚಾರ ಮಾಡಿತ್ತು. ಅದರ ವಿರುದ್ಧ ಮೊಕದ್ದಮೆ ನಡೆದಾಗ, ರಾಜ್ಯದ ಯಾವ ಕೋರ್ಟಾದರೂ ಶರಿಯತ್ ಅನ್ವಯಿಸಿದ ಒಂದೇ ಒಂದು ಉದಾಹರಣೆ ತಮಗೆ ಗೊತ್ತಿಲ್ಲವೆಂದು ರಾಜ್ಯದ ಕಡೆಯವರೇ ಒಪ್ಪಿಕೊಂಡರು. 2013ರಲ್ಲಿ ಆ ತಿದ್ದುಪಡಿಗೆ ಫೆಡರಲ್ ನ್ಯಾಯಾಲಯ ಕಾಯಂ ತಡೆ ಹಾಕಿತು.

ಮೊಕದ್ದಮೆ ಹೂಡಿದ್ದು ಕೇರ್ ಎಂಬ ಮುಸ್ಲಿಂ ಸಂಘಟನೆಯ ಅಲ್ಲಿನ ಮುಖ್ಯಸ್ಥರು. ಅದೂ ಜನಾಭಿಪ್ರಾಯ ರೂಪಿಸಲೆಂದೇ ಇರುವ ಸಂಘಟನೆ, ಅದರ ಪ್ರಕಟಣೆಯಲ್ಲೂ ತನಗೆ ಬೇಕಾದದ್ದೇ ಮುಂದಿರುತ್ತದೆ. ನಿನ್ನ ಮೂರನೇ ಪುಟದಲ್ಲಿ ಅವರ ಅಂಕಿಸಂಖ್ಯೆಯನ್ನು ಹಾಗೇ ಎತ್ತಿ ಹಾಕಿದ್ದೀಯ. ಗೆಲ್ಲರ್ ಮಾತಿಗೆ ಕೇಳುವಂಥ ಪುರಾವೆಯನ್ನು ಇವರಿಗೂ ಕೇಳಮ್ಮಾ.

ಇನ್ನೊಂದು. ಪಾರ್ಕ್51 ಯೋಜಿಸಿದಂತೆ ಏಳಲೇ ಇಲ್ಲ, ಆ ಜಾಗದಲ್ಲೀಗ ದುಬಾರಿ ಫ್ಲ್ಯಾಟುಗಳ ಗೋಪುರವಿದೆ. ಇದನ್ನೂ ಸೇರಿಸು. ತಿದ್ದಿದ ಪ್ರತಿಯನ್ನು ಮೇಷ್ಟರಿಗೆ ಕೊಡುವ ಮೊದಲು ನನಗೊಮ್ಮೆ ಕಳಿಸು. ಅಕ್ಷರ ದೊಡ್ಡದು ಮಾಡಿ ಕಳಿಸು, ಅಜ್ಜಿಯೂ ಓದಬೇಕಂತೆ.

ಇಂತಿ ನಿನ್ನ ಪ್ರೀತಿಯ
ಅಜ್ಜ